ಪಾಸಂಗ

ಬ್ಯಾಡಗಿಯ ಆ ದಲಾಲಿ ಅಂಗಡಿ ಮುಚ್ಚಿದಾಗ
ಕಟ್ಟಿಗೆ ಕಪಾಟು ಹಾನಗಲ್ಲಿನವರು ಒಯ್ದರು,
ಗಾದಿ, ಗಡಿಯಾರ ಯಾರ ಪಾಲಾದವೋ,
ದೊಡ್ಡ ತಕ್ಕಡಿ ಮಾತ್ರ ನನ್ನ ಹೊಸ್ತಿಲಿಗೆ ಬಂತು.
ಕರೆಂಟಿನ ಕಾಟಾ ಬಂದ ಮೇಲೆ
ಕಬ್ಬಿಣದ ದಂಡಿಗೆಗೆ ಗುಜರಿಯವನೇ ಗತಿ,
ಇಲ್ಲವೇ ನಾನು.

ಪರಡಿಯ ಅಡಿಯಲ್ಲಿ ನಲವತ್ತು ಸುಗ್ಗಿಯ ಖಾರ
ಕೆಂಪು ಕಿಟ್ಟವಾಗಿ ಕೂತಿತ್ತು. ಕೆರೆದೆ. ಸೀನಿದೆ. ಮತ್ತೆ ಕೆರೆದೆ.
ಕಿಟ್ಟದೊಳಗೆ ತಂತಿ, ತಂತಿಯೊಳಗೆ ಒಂದು ಬಿಲ್ಲೆ.
ಪಾಸಂಗ, ಅಂದುಕೊಂಡೆ. ಹಗುರಾದ ಕಡೆ ಕಟ್ಟುತ್ತಾರಲ್ಲ,
ಮುರುಕು ಬೀಗ, ಎತ್ತಿನ ಗೆಜ್ಜೆ,
ಏನು ಸಿಕ್ಕರೆ ಅದು.
ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ
ಮೂರು ಸಿಂಹ ಎದ್ದು ಕೂತವು.

ಅಂಚಿನ ಸುತ್ತ ಇಂಗ್ಲಿಷಿನಲ್ಲಿ ಇರುವೆ ಸಾಲಿನ ಅಕ್ಷರ:
ಒಂದು ನಂಬರು, ಸಿಪಾಯಿ ಎಂ. ಕೊಪದ್, ಮರಾಠಾ ಪಲ್ಟನ್ನು.
ಕೊಪ್ಪದ ಇರಬೇಕು;
ಒತ್ತಕ್ಷರ ಯುದ್ಧದಲ್ಲಿ ಬಿದ್ದುಹೋಗಿದೆ.

ಬೆಳಗಾವಿಗೆ ಕಾಗದ ಬರೆಸಿದೆ, ಮಗನ ಮಾಸ್ತರ ಕೈಲಿ.
ಮೂರು ತಿಂಗಳಿಗೆ ಉತ್ತರ: ಮೈಲಾರಪ್ಪ, ಎಪ್ಪತ್ತೊಂದರ ಲಡಾಯಿ,
ಗುತ್ತಲದ ಹತ್ತಿರ ಒಂದು ಹಳ್ಳಿ.
ಬಸ್ಸು ಹತ್ತಿ ಹೋದೆ. ಕಟ್ಟೆಯ ಮುದುಕರಿಗೆ ನೆನಪಿತ್ತು,
ಎಡಗಿವಿ ಕೇಳಿಸದವ,
ರೇಡಿಯೋ ಬಲಗಿವಿಗೆ ಹಚ್ಚಿಕೊಂಡು ಕೂಡುತ್ತಿದ್ದವ.
"ಅವನ ಮಗಳು ನಿಮ್ಮೂರಾಗ ಅದಾಳಲ್ಲೋ ಮಾರಾಯ,
ಗಂಗಮಾಳವ್ವ, ಮೆಣಸಿನಕಾಯಿ ತುಂಬು ಬಿಡಿಸಾಕಿ."
ನನ್ನ ಅಂಗಡಿಯಿಂದ ಎರಡು ಓಣಿ.

ಇಷ್ಟೇ ಆಗಿದ್ದರೆ ಅವತ್ತೇ ಕೊಟ್ಟು ಬರುತ್ತಿದ್ದೆ.
ಎಂಟು ದಿನ ತಡೆದೆ.
ಯಾಕೆಂದರೆ ಬಿಲ್ಲೆ ತೆಗೆದ ಮೇಲೆ
ತಕ್ಕಡಿಯನ್ನು ತೂಗುಹಾಕಿ ನೋಡಿದ್ದೆ:
ಮುಳ್ಳು ನಟ್ಟನಡುವೆ ನಿಂತಿತು,
ಸಾಲಿಯ ಪ್ರಾರ್ಥನೆಗೆ ನಿಂತ ಹುಡುಗನ ಹಾಗೆ.
ಅಂದರೆ ಬಿಲ್ಲೆ ಇದ್ದಷ್ಟು ದಿನ ಅದು ಸುಳ್ಳು ಹೇಳಿತ್ತು.
ವರ್ಷವರ್ಷ ಮುದ್ರೆ ಹೊಡೆದು ಹೋದವರಿಗೆ ಕಂಡಿರಲಿಲ್ಲ,
ಅಥವಾ ಕಂಡಿತ್ತು.
ಮತ್ತು ಆ ತಂತಿಯ ಗಂಟು,
ಎಡಕ್ಕೆ ಎರಡು ಸುತ್ತು, ಒಳಗೆ ಒಂದು ಸಿಕ್ಕು,
ಹತ್ತನೇ ವಯಸ್ಸಿಗೆ ನಾನು ಕಲಿತ ಗಂಟು,
ನಮ್ಮಪ್ಪನದು.
ಅವನಿಗೆ ಅಕ್ಷರ ಬರುತ್ತಿರಲಿಲ್ಲ.
ಸಿಂಹ ಕಂಡಿರಬೇಕಲ್ಲ?
ಬಿಚ್ಚಲು ಕೈ ಬರಲಿಲ್ಲ; ತಂತಿ ಸಮೇತ ಕಾಗದದಲ್ಲಿ ಸುತ್ತಿದೆ.

ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಕೂತಿದ್ದಳು.
ಖಾರದ ಕೈಲಿ ಮುಟ್ಟಲಿಲ್ಲ,
ಎಣ್ಣೆ ಹಚ್ಚಿ ತೊಳೆದುಕೊಂಡು ಬಂದಳು.
"ಇದರ ಪಟ್ಟಿ ನನಗ ಗೊತ್ತು. ಝಂಡಾ ಹಾರಿಸೋ ದಿನ
ಅವ್ವ ಜಡಿಗೆ ಕಟ್ಟಿ ಕಳಿಸಿದ್ಳು.
ಬಿಲ್ಲೆ ಯಾವಾಗ ಹೋತೋ, ಯಾರು ಒಯ್ದರೋ.
ಎಲ್ಲಿ ಸಿಕ್ತು?"

ಅಂಗಡಿಯ ಹೆಸರು ಹೇಳಿದೆ.
ಇಪ್ಪತ್ತಾರು ವರ್ಷ ಆ ತಕ್ಕಡಿಗೇ ಬುಟ್ಟಿ ಸುರಿದವಳು.
ಸುಮ್ಮನೆ ಕೂತು, ಆಮೇಲೆ ಕೇಳಿದಳು:
"ಯಾವ ಪರಡಿ? ನಾವು ಸುರಿಯೋದೋ, ಕಲ್ಲು ಇಡೋದೋ?"

ಹಾದಿಯುದ್ದಕ್ಕೂ ಒಂದು ಸುಳ್ಳು ತಯಾರು ಮಾಡಿಕೊಂಡಿದ್ದೆ.
ಗಂಟಲಿಗೆ ಘಾಟು ಹತ್ತಿತು.
"ಕಲ್ಲಿಂದು," ಅಂದೆ. "ಕಟ್ಟಿದವ ನಮ್ಮಪ್ಪ."

ಬೆರಳು ಮಡಚಿ ಏನೋ ಎಣಿಸತೊಡಗಿದಳು,
ದಿನಕ್ಕೆಷ್ಟು ತೂಕ, ತೂಕಕ್ಕೆಷ್ಟು ಗುಂಜಿ.
ನಡುವೆ ಬಿಟ್ಟಳು. ನಕ್ಕಳು, ಕೆಮ್ಮಿದಳು:
"ಮನಿಯಾಗೂ ಹಂಗ ಇದ್ದ ಬಿಡು ನಮ್ಮಪ್ಪ.
ಜಗಳ ಬಿದ್ದರ ಯಾವಾಗ್ಲೂ
ಎದುರಿನವರ ಕಡಿಗೇ ಕೂಡ್ತಿದ್ದ."

ಬಿಲ್ಲೆ ಕುಪ್ಪಸದೊಳಗೆ ಹೋಯಿತು.
ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕರೆದು
ಅಂಗೈ ಚಾಚಿದಳು: ಕಿಟ್ಟ ಹಿಡಿದ ತಂತಿ,
ಗಂಟು ಹಾಗೇ ಇತ್ತು.
"ಇದು ನಿಮ್ಮಪ್ಪಂದು. ತಗೊಂಡು ಹೋಗು."